ಲೆಕ್ಕ ಕೇಳುವವರು

ಪ್ರಜೆಗಳು ತೆತ್ತ ತೆರಿಗೆ ಬೊಕ್ಕಸವನ್ನು ಸೇರಿದ ಮೇಲೆ ಏನಾಗುತ್ತದೆ? ಈ ಪ್ರಶ್ನೆ ಇಂದು ನಿನ್ನೆಯದಲ್ಲ. ಸರ್ಕಾರಿ ಹಣವನ್ನು ಅಪಹರಿಸುವ ನಲವತ್ತು ಬಗೆಗಳನ್ನು ಕೌಟಿಲ್ಯನ ಅರ್ಥಶಾಸ್ತ್ರ ಎಣಿಸಿ ಹೇಳುತ್ತದೆ. ಬಹುಕಾಲ ಕಣ್ಮರೆಯಾಗಿದ್ದ ಆ ಗ್ರಂಥದ ಓಲೆಯ ಪ್ರತಿಯನ್ನು ಮೈಸೂರಿನಲ್ಲಿ ಗುರುತಿಸಿ, 1909ರಲ್ಲಿ ಅಚ್ಚಿಗೆ ತಂದವರು ಆರ್. ಶಾಮಶಾಸ್ತ್ರಿಗಳು ಎಂಬುದು ಕನ್ನಡ ನಾಡಿಗೆ ಹೆಮ್ಮೆಯ ಸಂಗತಿ. ಆದರೆ ಕೌಟಿಲ್ಯನ ಲೆಕ್ಕಿಗರು ರಾಜನ ಸೇವಕರು. ಅಧಿಕಾರಿ ಕದ್ದರೆ ರಾಜನಲ್ಲಿ ದೂರು ಹೇಳಬಹುದಿತ್ತು. ರಾಜನೇ ದುಂದುಗಾರನಾದರೆ ಯಾರಲ್ಲಿ ಹೇಳುವುದು? ಬ್ರಿಟಿಷರು 1860ರಲ್ಲಿ ಭಾರತಕ್ಕೆ ಮಹಾಲೆಕ್ಕಪರಿಶೋಧಕರನ್ನು ನೇಮಿಸಿದರು. ಅವರು ಉತ್ತರ ಹೇಳಬೇಕಾಗಿದ್ದುದೂ ಆಳುವವರಿಗೇ ಹೊರತು ಕಂದಾಯ ಕಟ್ಟುವ ರೈತನಿಗಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ ಎಂಬ ಗಾದೆ ಇಂಥ ಆಡಳಿತವನ್ನು ಕಂಡೇ ಹುಟ್ಟಿರಬೇಕು.

ಪ್ರಜಾಪ್ರಭುತ್ವ ಬಂದಾಗ ಈ ಸಂಬಂಧ ತಲೆಕೆಳಗಾಗಬೇಕಾಯಿತು. ಹಣ ಪ್ರಜೆಗಳದು, ಖರ್ಚುಮಾಡುವವರು ಅವರ ಪರವಾಗಿ ಖರ್ಚುಮಾಡುವವರು. ಹಾಗಾದರೆ ಲೆಕ್ಕ ನೋಡುವವನು ಖರ್ಚುಮಾಡುವವರ ಕೈಕೆಳಗಿನವನಾಗಿರಬಹುದೇ? ಇರಕೂಡದೆಂದು ನಮ್ಮ ಸಂವಿಧಾನ ನಿಶ್ಚಯಿಸಿತು. ಅದರ 148ನೆಯ ವಿಧಿ ಲೆಕ್ಕ ನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರೆಂಬ ಒಂದು ಸ್ಥಾನವನ್ನು ನಿರ್ಮಿಸಿದೆ. ಅವರನ್ನು ನೇಮಿಸುವವರು ರಾಷ್ಟ್ರಪತಿಗಳು. ಆದರೆ ತೆಗೆದುಹಾಕಬೇಕಾದರೆ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರನ್ನು ತೆಗೆಯುವಷ್ಟೇ ಕಠಿಣವಾದ ವಿಧಾನವನ್ನು ಅನುಸರಿಸಬೇಕು. ನೇಮಕವಾದ ಮೇಲೆ ಅವರ ಸಂಬಳವನ್ನು ಇಳಿಸುವಂತಿಲ್ಲ. ಅವರ ಕಚೇರಿಯ ಆಡಳಿತ ವೆಚ್ಚ ಭಾರತದ ಸಂಚಿತ ನಿಧಿಯಿಂದ ನೇರವಾಗಿ ಸಲ್ಲುತ್ತದೆ. ಅದಕ್ಕೆ ಸಂಸತ್ತಿನ ಮತ ಬೇಕಿಲ್ಲ.

ಇವೆಲ್ಲಕ್ಕಿಂತ ಸೂಕ್ಷ್ಮವಾದ ಕಟ್ಟಳೆ ಇನ್ನೊಂದುಂಟು. ಅಧಿಕಾರದಿಂದ ಇಳಿದ ಮೇಲೆ ಅವರು ಕೇಂದ್ರ ಸರ್ಕಾರದ ಅಥವಾ ಯಾವುದೇ ರಾಜ್ಯ ಸರ್ಕಾರದ ಅಧೀನದಲ್ಲಿ ಬೇರೆ ಹುದ್ದೆಯನ್ನು ವಹಿಸಲು ಅರ್ಹರಲ್ಲ. ಭಯ ಒಂದೇ ಮನುಷ್ಯನ ನಾಲಗೆಯನ್ನು ಕಟ್ಟುವುದಿಲ್ಲ, ಆಸೆಯೂ ಕಟ್ಟುತ್ತದೆ. ಸಂವಿಧಾನವನ್ನು ರಚಿಸಿದವರು ಇದನ್ನು ಬಲ್ಲವರಾಗಿದ್ದರು. 1949ರ ಮೇ 30ರಂದು ಸಂವಿಧಾನ ರಚನಾ ಸಭೆಯಲ್ಲಿ ಮಾತನಾಡಿದ ಡಾ. ಬಿ. ಆರ್. ಅಂಬೇಡ್ಕರ್ ಅವರು, ಇಡೀ ಸಂವಿಧಾನದಲ್ಲಿ ಪ್ರಾಯಶಃ ಅತ್ಯಂತ ಮಹತ್ತ್ವದ ಅಧಿಕಾರಿ ಇವರೇ ಎಂದೂ, ಇವರ ಕರ್ತವ್ಯ ನ್ಯಾಯಾಂಗದ ಕರ್ತವ್ಯಕ್ಕಿಂತಲೂ ಗುರುತರವಾದದ್ದೆಂದೂ ಅಭಿಪ್ರಾಯಪಟ್ಟರು.

ಲೆಕ್ಕಪರಿಶೋಧನೆಯೆಂದರೆ ಕೂಡಿಸಿ ಕಳೆಯುವ ಕೆಲಸವೆಂದು ಹಲವರ ಭಾವನೆ. ಅದು ಆರಂಭ ಮಾತ್ರ. ಸಂಸತ್ತು ಯಾವ ಕಾರ್ಯಕ್ಕೆ ಹಣ ಮಂಜೂರು ಮಾಡಿತೋ ಅದೇ ಕಾರ್ಯಕ್ಕೆ ಅದು ವಿನಿಯೋಗವಾಯಿತೇ? ನಿಯಮಗಳ ಪಾಲನೆಯಾಯಿತೇ? ಖರ್ಚಾದ ಹಣದಿಂದ ಉದ್ದೇಶಿಸಿದ ಫಲ ದೊರೆಯಿತೇ? ಪರಿಶೋಧಕರು ಇಷ್ಟನ್ನೂ ಕೇಳಬೇಕು. ಒಂದು ನಿದರ್ಶನವನ್ನು ನೋಡೋಣ. ಬಡಕುಟುಂಬಗಳಿಗೆ ಆಸ್ಪತ್ರೆಯ ವೆಚ್ಚವನ್ನು ಭರಿಸುವ ಕೇಂದ್ರದ ಆಯುಷ್ಮಾನ್ ಭಾರತ ಯೋಜನೆಯ ಮೇಲಿನ ವರದಿ 2023ರ ಆಗಸ್ಟ್‌ನಲ್ಲಿ ಸಂಸತ್ತಿನ ಮುಂದೆ ಬಂತು. ಫಲಾನುಭವಿಗಳ ಪಟ್ಟಿಯನ್ನು ಪರಿಶೀಲಿಸಿದಾಗ, ಸುಮಾರು 7.5 ಲಕ್ಷ ಜನರ ಹೆಸರಿನ ಮುಂದೆ ಒಂದೇ ದೂರವಾಣಿ ಸಂಖ್ಯೆ ಇತ್ತು: ಹತ್ತು ಒಂಬತ್ತುಗಳನ್ನು ಸಾಲಾಗಿ ಬರೆದ ಸಂಖ್ಯೆ! ಫಲಾನುಭವಿಗಳನ್ನು ಗುರುತಿಸುವುದಕ್ಕೆ ದೂರವಾಣಿ ಸಂಖ್ಯೆ ಆಧಾರವಲ್ಲವೆಂದು ಸರ್ಕಾರ ಸಮಾಧಾನ ಹೇಳಿತು. ಆ ಉತ್ತರದಲ್ಲಿ ಹುರುಳಿರಬಹುದು. ಆದರೆ ಪರಿಶೋಧಕರು ಕೇಳದಿದ್ದರೆ ಉತ್ತರವಾದರೂ ಎಲ್ಲಿಂದ ಬರುತ್ತಿತ್ತು?

ಪರಿಶೋಧಕರ ಮಾತೇ ಅಂತಿಮ ತೀರ್ಪೆಂದು ಭಾವಿಸುವುದೂ ತಪ್ಪು. ಮೊಬೈಲು ಫೋನಿನ ತರಂಗಗುಚ್ಛವನ್ನು 2008ರಲ್ಲಿ ಹಂಚಿದ ರೀತಿಯಿಂದ ಬೊಕ್ಕಸಕ್ಕೆ 1.76 ಲಕ್ಷ ಕೋಟಿ ರೂಪಾಯಿಗಳವರೆಗೆ ನಷ್ಟವಾಗಿರಬಹುದೆಂದು 2010ರ ವರದಿ ಅಂದಾಜುಮಾಡಿತು. ದೇಶವೇ ಅಲ್ಲೋಲಕಲ್ಲೋಲವಾಯಿತು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯ 122 ಪರವಾನಗಿಗಳನ್ನು ರದ್ದುಪಡಿಸಿತು. ಆದರೆ ಅದೇ ಹಗರಣದ ಆರೋಪಿಗಳೆಲ್ಲರನ್ನೂ 2017ರ ಡಿಸೆಂಬರ್‌ನಲ್ಲಿ ವಿಶೇಷ ನ್ಯಾಯಾಲಯ ಬಿಡುಗಡೆಮಾಡಿತು. ಅದರ ಮೇಲೆ ಮೇಲ್ಮನವಿಯೂ ಆಯಿತು. ಇದರಿಂದ ವರದಿ ಸುಳ್ಳೆಂದು ಕೆಲವರೂ, ತೀರ್ಪೇ ಸರಿಯಲ್ಲವೆಂದು ಕೆಲವರೂ ವಾದಿಸಿದರು. ಎರಡು ವಾದಗಳೂ ಆತುರದವು. ಹಂಚಿಕೆಯ ಕ್ರಮ ಸರಿಯಾಗಿತ್ತೇ ಎಂಬುದು ಒಂದು ಪ್ರಶ್ನೆ. ಇಂಥವನು ಅಪರಾಧಿಯೇ ಎಂಬುದು ಬೇರೆ ಪ್ರಶ್ನೆ. ಎರಡನೆಯದನ್ನು ನಿರ್ಣಯಿಸುವುದಕ್ಕೆ ಸಾಕ್ಷ್ಯ ಬೇಕು, ವಿಚಾರಣೆ ಬೇಕು. ಅದು ನ್ಯಾಯಾಲಯದ ಕೆಲಸ. ಪರಿಶೋಧಕರು ಯಾರನ್ನೂ ದಂಡಿಸಲಾರರು. ನಷ್ಟದ ಅಂದಾಜನ್ನು ಹೇಳುವಾಗ ಅದು ಅಂದಾಜೆಂಬುದನ್ನು ಓದುಗರು ಮರೆಯದಂತೆ ಹೇಳುವ ಹೊಣೆಯೂ ಅವರದೇ.

ಅವರ ವರದಿಗೆ ಬಲ ಬರುವುದು ಸಂಸತ್ತಿನಿಂದ. ಅಲ್ಲಿ 22 ಸದಸ್ಯರ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೊಂದಿದೆ: ಲೋಕಸಭೆಯವರು 15 ಮಂದಿ, ರಾಜ್ಯಸಭೆಯವರು 7 ಮಂದಿ. ಮಂತ್ರಿಗಳು ಇದರ ಸದಸ್ಯರಾಗುವಂತಿಲ್ಲ. 1967ರಿಂದ ವಿರೋಧ ಪಕ್ಷದವರೇ ಇದರ ಅಧ್ಯಕ್ಷರಾಗುವ ಸಂಪ್ರದಾಯ ಬೆಳೆದುಬಂದಿದೆ. ಇಲಾಖೆಯ ಹಿರಿಯ ಅಧಿಕಾರಿಗಳನ್ನು ಎದುರಿಗೆ ಕೂರಿಸಿಕೊಂಡು, ಏಕೆ ಹೀಗಾಯಿತೆಂದು ಈ ಸಮಿತಿ ಕೇಳುತ್ತದೆ.

ಏರ್ಪಾಡು ಇಷ್ಟು ಭದ್ರವಾಗಿದ್ದರೂ ಎರಡು ಕಡೆ ಬೇಲಿ ಸಡಿಲವಾಗಿದೆಯೆಂದು ನನಗೆ ತೋರುತ್ತದೆ. ಮೊದಲನೆಯದು ನೇಮಕದ ವಿಷಯ. ರಾಷ್ಟ್ರಪತಿಗಳು ನೇಮಿಸುತ್ತಾರೆಂದರೂ ಅವರು ನಡೆಯುವುದು ಮಂತ್ರಿಮಂಡಲದ ಸಲಹೆಯಂತೆ. ಎಂದರೆ, ಯಾರ ಲೆಕ್ಕವನ್ನು ಪರೀಕ್ಷಿಸಬೇಕೋ ಅವರೇ ಪರೀಕ್ಷಕನನ್ನು ಆರಿಸುತ್ತಾರೆ. ಕೇಂದ್ರ ಜಾಗೃತ ಆಯುಕ್ತರನ್ನು ಆರಿಸುವ ಸಮಿತಿಯಲ್ಲಿ ಪ್ರಧಾನಮಂತ್ರಿ ಮತ್ತು ಗೃಹಮಂತ್ರಿಗಳ ಜೊತೆಗೆ ವಿರೋಧ ಪಕ್ಷದ ನಾಯಕರಿಗೂ ಸ್ಥಾನವುಂಟು. ಮಹಾಲೆಕ್ಕಪರಿಶೋಧಕರ ಆಯ್ಕೆಗೆ ಅಂಥ ಸಮಿತಿಯನ್ನು ಯಾವ ಕಾನೂನೂ ಕಡ್ಡಾಯ ಮಾಡಿಲ್ಲ. ಆರಿಸಿ ಬಂದವರು ನಿರ್ಭೀತರಾಗಿ ನಡೆದ ಉದಾಹರಣೆಗಳು ನಮ್ಮಲ್ಲಿವೆ, ನಿಜ. ಆದರೆ ವ್ಯಕ್ತಿಯ ಒಳ್ಳೆಯತನವನ್ನು ನಂಬಿ ವ್ಯವಸ್ಥೆಯನ್ನು ಸಡಿಲ ಬಿಡುವುದು ವಿವೇಕವಲ್ಲ.

ಎರಡನೆಯದು ಕಾಲದ ವಿಷಯ. ವರದಿ ರಾಷ್ಟ್ರಪತಿಗಳಿಗೆ ಸಲ್ಲಬೇಕು, ಅವರು ಅದನ್ನು ಉಭಯ ಸದನಗಳಲ್ಲಿ ಮಂಡಿಸುವ ಏರ್ಪಾಡು ಮಾಡಬೇಕು ಎಂದು 151ನೆಯ ವಿಧಿ ಹೇಳುತ್ತದೆ. ಇಷ್ಟು ದಿನಗಳೊಳಗೆ ಎಂದು ಹೇಳುವುದಿಲ್ಲ. ಮುಂಗಡಪತ್ರವಾದರೋ 2017ರಿಂದ ಫೆಬ್ರವರಿ ಮೊದಲನೆಯ ದಿನವೇ ಮಂಡನೆಯಾಗುವ ಪರಿಪಾಠ ಬಂದಿದೆ. ಹಣವನ್ನು ಕೇಳುವುದಕ್ಕೆ ಹೀಗೆ ದಿನ ಗೊತ್ತಾಗಿರುವಾಗ, ಅದರ ಲೆಕ್ಕವನ್ನು ಕುರಿತ ವರದಿಗೆ ಏಕೆ ದಿನ ಗೊತ್ತುಮಾಡಬಾರದು? ವರದಿ ಕೈಸೇರಿದಾಗ ಅಧಿವೇಶನ ನಡೆಯುತ್ತಿದ್ದರೆ ಆ ಅಧಿವೇಶನದಲ್ಲಿಯೇ, ಇಲ್ಲವಾದರೆ ಮುಂದಿನ ಅಧಿವೇಶನದ ಮೊದಲ ವಾರದಲ್ಲಿ ಅದನ್ನು ಸದನದ ಮುಂದಿಡತಕ್ಕದ್ದೆಂದು ಕಾನೂನು ಮಾಡುವುದು ಸಂಸತ್ತಿಗೆ ಕಷ್ಟವಾದ ಕೆಲಸವಲ್ಲ.