ಚುಕ್ಕೆ ಬಂದರೆ ಬರಲಿ, ಮುಖ ಕಾಣಲಿ

‘ಐಎಸ್‌ಒ 100 ದಾಟಿಸಬೇಡಿ, ಫೋಟೊ ಕೆಡುತ್ತೆ.’ ಯೂಟ್ಯೂಬ್ ಗುರುಗಳ ಈ ಮಾತು ನಂಬಿ ನಾನೂ ಕೆಟ್ಟೆ. ಕತ್ತಲಾಗೋವರೆಗೆ ನಡೆದ ಗ್ರಾಮಸಭೆ, ಒಂದೇ ಟ್ಯೂಬ್‌ಲೈಟ್. ನೀರಿನ ಲೆಕ್ಕ ಕೇಳೋಕೆ ಎದ್ದ ಅಜ್ಜಿಯ ಮುಖ ನನ್ನ ಫೋಟೊದಲ್ಲಿ ಕಲಸಿದ ಹಿಟ್ಟು. ನಾಳೆ ‘ಯಾರೂ ಕೇಳಲೇ ಇಲ್ಲ’ ಅಂದರೆ ಏನು ತೋರಿಸೋದು?

ಐಎಸ್‌ಒ ಬೆಳಕು ತರೋದಿಲ್ಲ. ಸಿಕ್ಕಷ್ಟನ್ನೇ ಹಿಗ್ಗಿಸುತ್ತೆ, ಮೈಕಿನ ವಾಲ್ಯೂಮ್ ಥರ. ಗೊರಗೊರ ಸದ್ದೂ ಜೊತೆಗೇ ಏರುತ್ತೆ. ಫೋಟೊದಲ್ಲಿ ಅದೇ ಚುಕ್ಕೆ. ಆದರೆ 100ರಲ್ಲಿ 1/10 ಸೆಕೆಂಡು ಬೇಕಾದ ಕಡೆ 1600ರಲ್ಲಿ 1/160 ಸಾಕು. ತಲೆ ಅಲುಗಿದರೂ ಮುಖ ನಿಲ್ಲುತ್ತೆ.

ಗುಡಿ ಗೋಪುರಕ್ಕೆ 100 ಇರಲಿ, ಫೋನನ್ನು ಗೋಡೆಗೆ ಒತ್ತಿ ತೆಗೀರಿ. ಜನರಿಗೆ ಅದು ಆಗಲ್ಲ. ಪ್ರೊ ಮೋಡ್‌ನಲ್ಲಿ 1600 ಇಟ್ಟು ಶಟರ್ ಆಟೊ ಬಿಡಿ. ಸುದ್ದಿ ಫೋಟೊ ಮದುವೆ ಆಲ್ಬಮ್ ಅಲ್ಲ ಸ್ವಾಮಿ!

ಅಜ್ಜಿ ಮುಂದಿನ ಸಭೆಗೂ ಬರ್ತಾರಂತೆ. ನಾನೂ ಹೋಗ್ತೀನಿ, 1600 ಇಟ್ಟುಕೊಂಡೇ.