ಕೈಬಿಟ್ಟ ವಾಹನ, ಬಿಡದ ಹೆಸರು

ದನದ ಜಾತ್ರೆಯಲ್ಲಿ ಎತ್ತನ್ನು ಮಾರುವ ರೈತನು ಹಣ ಎಣಿಸಿಕೊಂಡು ಎತ್ತನ್ನು ಕೊಂಡವನ ಕೈಗೊಪ್ಪಿಸಿದರೆ ವ್ಯಾಪಾರ ಮುಗಿಯಿತು. ಮರುದಿನ ಅದು ಯಾರ ಹೊಲಕ್ಕೆ ನುಗ್ಗಿದರೂ ಮಾರಿದವನನ್ನು ಕೇಳುವವರಿಲ್ಲ. ಹೊಲವನ್ನೇ ಮಾರುವಾಗಲಾದರೋ ಹಾಗಲ್ಲ. ಕ್ರಯಪತ್ರ ನೋಂದಣಿಯಾಗಿ, ಪಹಣಿಯಲ್ಲಿ ಹೆಸರು ಬದಲಾಗುವವರೆಗೆ ಕೊಂಡವನಿಗೆ ನೆಮ್ಮದಿಯ ನಿದ್ದೆ ಬಾರದು. ಮೋಟಾರು ವಾಹನದ ವಿಷಯದಲ್ಲಿ ಜನರ ಎಣಿಕೆ ಎತ್ತಿನ ವ್ಯಾಪಾರದ್ದು, ಕಾನೂನಿನ ಎಣಿಕೆ ಹೊಲದ ವ್ಯಾಪಾರದ್ದು. ಈ ಎರಡು ಎಣಿಕೆಗಳ ನಡುವಿನ ಅಂತರದಲ್ಲಿ ಎಷ್ಟೋ ಸಂಸಾರಗಳು ಸಂಕಟಕ್ಕೆ ಸಿಲುಕಿವೆ.

ನಿವೃತ್ತ ಉಪಾಧ್ಯಾಯರೊಬ್ಬರ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಮೊಣಕಾಲು ನೋವು ಹೆಚ್ಚಿದುದರಿಂದ ಅವರು ತಮ್ಮ ಸ್ಕೂಟರನ್ನು ಪಕ್ಕದ ಬೀದಿಯ ತರುಣನೊಬ್ಬನಿಗೆ ಮಾರಿದರು. ಒಂದು ಕಾಲದಲ್ಲಿ ಅವನು ಅವರ ಶಿಷ್ಯನೇ. “ಹೆಸರು ಬದಲಾಯಿಸುವ ಓಡಾಟ ನಿಮಗೇಕೆ ಮೇಷ್ಟ್ರೇ? ನೀವು ಸಹಿ ಮಾಡಿಕೊಡಿ, ಸಾಕು. ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ” ಎಂದನು. “ಆಗಲಪ್ಪ” ಎಂದು ಮೇಷ್ಟ್ರು ಖಾಲಿ ನಮೂನೆಗಳಿಗೆ ಸಹಿ ಹಾಕಿ, ನೋಂದಣಿ ಪತ್ರವನ್ನೂ ಬೀಗದ ಕೈಯನ್ನೂ ಕೊಟ್ಟು ಕಳುಹಿಸಿದರು.

ಎಂಟು ತಿಂಗಳು ಕಳೆಯುವಷ್ಟರಲ್ಲಿ ಆ ತರುಣನು ಸ್ಕೂಟರನ್ನು ಮತ್ತೊಬ್ಬನಿಗೆ ಮಾರಿದನು. ಸಹಿಯಾದ ಖಾಲಿ ನಮೂನೆಗಳೂ ವಾಹನದ ಜೊತೆಯಲ್ಲಿಯೇ ಕೈಯಿಂದ ಕೈಗೆ ಹೋದವು. ವಿಮೆಯ ಅವಧಿ ತೀರಿತು, ಯಾರೂ ನವೀಕರಿಸಲಿಲ್ಲ. ಎರಡು ವರ್ಷಗಳ ತರುವಾಯ ಒಂದು ದಿನ ಮೇಷ್ಟ್ರ ಮನೆಯ ಬಾಗಿಲಿಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ನೋಟೀಸು ಬಂದಿತು. ಆ ಸ್ಕೂಟರು ಬಡಿದು ತರಕಾರಿ ಮಾರುವ ಹೆಂಗಸೊಬ್ಬಳ ಕಾಲು ಮುರಿದಿತ್ತು. ಪರಿಹಾರ ಕೊಡಬೇಕಾದವರ ಪಟ್ಟಿಯಲ್ಲಿ ಮೇಷ್ಟ್ರ ಹೆಸರಿತ್ತು. “ಮಾರಿದ ಗಾಡಿಗೂ ನಮಗೂ ಏನಂದರೆ ಸಂಬಂಧ?” ಎಂದು ಅವರ ಪತ್ನಿ ಕೇಳಿದರು. ಮೇಷ್ಟ್ರಲ್ಲಿ ಉತ್ತರವಿರಲಿಲ್ಲ.

ಉತ್ತರವು 1988ರ ಮೋಟಾರು ವಾಹನಗಳ ಕಾಯಿದೆಯಲ್ಲಿದೆ. ಯಾರ ಹೆಸರಿನಲ್ಲಿ ವಾಹನವು ನೋಂದಣಿಯಾಗಿದೆಯೋ ಅವನೇ ಮಾಲೀಕನೆಂಬುದು ಆ ಕಾಯಿದೆಯ ಸಾಮಾನ್ಯ ನಿಯಮ. 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಇಂಥದೇ ಒಂದು ಮೊಕದ್ದಮೆ ಬಂದಿತ್ತು. ಕಾರೊಂದು ಒಬ್ಬರಿಂದೊಬ್ಬರಿಗೆ ಮಾರಾಟವಾಗುತ್ತ ಹೋಗಿ, 2009ರಲ್ಲಿ ಅಪಘಾತವಾಗಿ ಒಂದು ಪ್ರಾಣಹಾನಿಯಾಗಿತ್ತು. ದಾಖಲೆಯಲ್ಲಿ ಮಾತ್ರ ಮೊದಲು ಮಾರಿದವನ ಹೆಸರೇ ಉಳಿದಿತ್ತು. ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿರುವವನದೇ ಎಂದು ನ್ಯಾಯಾಲಯ ತೀರ್ಮಾನಿಸಿತು.

ಮೇಲುನೋಟಕ್ಕೆ ಇದು ನಿಷ್ಠುರವೆಂದು ತೋರಬಹುದು. ಆದರೆ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿರುವ ಆ ಹೆಂಗಸಿನ ಕಡೆಯಿಂದಲೂ ಒಮ್ಮೆ ಯೋಚಿಸಬೇಕು. ಅವಳ ಕೈಗೆ ಸಿಕ್ಕಿರುವುದು ವಾಹನದ ಸಂಖ್ಯೆಯೊಂದೇ. ಆ ಸ್ಕೂಟರನ್ನು ಯಾರು ಯಾರಿಗೆ ಯಾವ ದಿನ ಮಾರಿದರು, ಯಾರ ಮಾತು ನಿಜ ಎಂಬುದನ್ನು ಅವಳು ಊರೂರು ಅಲೆದು ಶೋಧಿಸಬೇಕೆಂದರೆ ಅದು ನ್ಯಾಯವೆನಿಸೀತೇ? ಆ ಭಾರವನ್ನು ನೊಂದವರ ಮೇಲೆ ಹೊರಿಸಬಾರದೆಂಬುದೇ ತೀರ್ಪಿನ ತಿರುಳು. ನೋಂದಣಿ ಪತ್ರದ ಮೇಲಿನ ಹೆಸರು ಸ್ವತ್ತಿನ ಗುರುತು ಮಾತ್ರವಲ್ಲ. ದಾರಿಯಲ್ಲಿ ನಡೆಯುವ ಅಪರಿಚಿತರಿಗೆ ಕೊಟ್ಟ ಭಾಷೆಯೂ ಹೌದು.

ಈ ಭಾಷೆಯಿಂದ ಬಿಡುಗಡೆ ಹೊಂದುವ ದಾರಿ ಕಠಿಣವಾದುದೇನಲ್ಲ. ರಾಜ್ಯದೊಳಗಿನ ಮಾರಾಟವಾದರೆ, ಮಾರಿದವನು 14 ದಿನಗಳೊಳಗೆ ನಮೂನೆ 29ರಲ್ಲಿ ಸಾರಿಗೆ ಕಚೇರಿಗೆ ವರದಿ ಮಾಡಿ, ಅದರ ಪ್ರತಿಯನ್ನು ಕೊಂಡವನಿಗೂ ಕೊಡಬೇಕು. ಕೊಂಡವನು 30 ದಿನಗಳೊಳಗೆ ತಾನು ವಾಸಿಸುವ ಪ್ರದೇಶದ ಸಾರಿಗೆ ಕಚೇರಿಗೆ ಆ ಪ್ರತಿ, ನಮೂನೆ 30ರ ಅರ್ಜಿ, ನೋಂದಣಿ ಪತ್ರ ಮತ್ತು ಶುಲ್ಕವನ್ನು ಸಲ್ಲಿಸಬೇಕು. ಚಾಲ್ತಿಯಲ್ಲಿರುವ ವಿಮಾ ಪತ್ರ, ಹೊಗೆ ತಪಾಸಣೆಯ ಪತ್ರ, ವಿಳಾಸದ ದಾಖಲೆ ಇವೂ ಜೊತೆಗಿರಬೇಕು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು: ಕಾನೂನು ಮೊದಲ ಕರ್ತವ್ಯವನ್ನು ವಿಧಿಸಿರುವುದು ಕೊಂಡವನಿಗಲ್ಲ, ಮಾರಿದವನಿಗೆ. ಮೇಷ್ಟ್ರು “ಆಗಲಪ್ಪ” ಎಂದು ಬಿಟ್ಟುಕೊಟ್ಟದ್ದು ತಮ್ಮ ಕೆಲಸವನ್ನೇ.

ಇನ್ನು ಖರ್ಚಿನ ಮಾತು. 2016ರ ಡಿಸೆಂಬರಿನಲ್ಲಿ ಪರಿಷ್ಕೃತವಾದ ಕೇಂದ್ರ ನಿಯಮಗಳಂತೆ ಮಾಲೀಕತ್ವ ವರ್ಗಾವಣೆಯ ಶುಲ್ಕವು ಹೊಸ ನೋಂದಣಿಯ ಶುಲ್ಕದ ಅರ್ಧ; ಎಂದರೆ ಸ್ಕೂಟರು, ಮೋಟಾರು ಸೈಕಲ್ಲುಗಳಿಗೆ 150 ರೂಪಾಯಿ, ಸ್ವಂತ ಬಳಕೆಯ ಕಾರಿಗೆ 300 ರೂಪಾಯಿ. ಸ್ಮಾರ್ಟ್ ಕಾರ್ಡಿಗೆ 200 ರೂಪಾಯಿ ಬೇರೆ. ಮಧ್ಯವರ್ತಿಯನ್ನು ಹಿಡಿದರೆ ಅವನು ಕೇಳುವ ಹಣಕ್ಕೆ ಸರ್ಕಾರದ ಪಟ್ಟಿಯಲ್ಲಿ ಲೆಕ್ಕವಿಲ್ಲ. ಆದುದರಿಂದ ಶುಲ್ಕವೆಷ್ಟು, ಅವನ ಕೂಲಿಯೆಷ್ಟು ಎಂದು ಮೊದಲೇ ಬೇರೆ ಬೇರೆಯಾಗಿ ಕೇಳಿ ತಿಳಿಯುವುದು ಜಾಣತನ.

ಕೆಲವು ಸಂದರ್ಭಗಳಲ್ಲಿ ಇನ್ನೊಂದೆರಡು ಮೆಟ್ಟಿಲು ಹತ್ತಬೇಕಾಗುತ್ತದೆ. ಬ್ಯಾಂಕಿನ ಸಾಲದಿಂದ ಕೊಂಡ ವಾಹನವಾದರೆ, ಸಾಲ ತೀರಿದ ಮಾತ್ರಕ್ಕೆ ನೋಂದಣಿ ಪತ್ರದಲ್ಲಿರುವ ಬ್ಯಾಂಕಿನ ಹೆಸರು ತಾನಾಗಿ ಅಳಿಸಿಹೋಗದು. ಬ್ಯಾಂಕಿನ ಸಹಿಯುಳ್ಳ ನಮೂನೆ 35ನ್ನು ಸಲ್ಲಿಸಿ ಅದನ್ನು ತೆಗೆಸಬೇಕು. ವಾಹನವು ಬೇರೆ ರಾಜ್ಯಕ್ಕೆ ಹೋಗುವುದಾದರೆ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರವನ್ನು ಪಡೆಯಬೇಕು. ಮಾಲೀಕನು ತೀರಿಕೊಂಡಿದ್ದರೆ ವಾರಸುದಾರರು 30 ದಿನಗಳೊಳಗೆ ಮರಣದ ವಿಷಯವನ್ನು ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿ ಹಾಕಬೇಕು. ಬದುಕಿರುವಾಗಲೇ ವಾಹನಕ್ಕೆ ನಾಮನಿರ್ದೇಶನ ಮಾಡಿಡುವ ಅವಕಾಶವೂ 2021ರಿಂದ ಉಂಟು.

ಕೊಂಡವರೂ ಇದು ಮಾರಿದವರ ತಲೆನೋವೆಂದು ಸುಮ್ಮನಿರುವಂತಿಲ್ಲ. ವಾಹನ ಕೈಬದಲಾದಾಗ ಅಪಘಾತದಲ್ಲಿ ನೊಂದ ಮೂರನೆಯವರಿಗೆ ಸಂಬಂಧಿಸಿದ ವಿಮೆ ವಾಹನದೊಡನೆ ಬರುತ್ತದೆಯೆಂದು ಕಾಯಿದೆ ಹೇಳುತ್ತದೆ. ಆದರೂ 14 ದಿನಗಳೊಳಗೆ ವಿಮಾ ಸಂಸ್ಥೆಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಾಗೆ ಮಾಡದಿದ್ದಲ್ಲಿ, ಸ್ವಂತ ವಾಹನ ಜಖಂ ಆದಾಗಲೋ ಕಳವಾದಾಗಲೋ ಪರಿಹಾರ ಕೇಳಲು ಹೋದವನಿಗೆ “ಪಾಲಿಸಿ ನಿಮ್ಮದಲ್ಲ” ಎಂಬ ಉತ್ತರ ಕಾದಿರುತ್ತದೆ.

ಹೀಗಿರುವಲ್ಲಿ ವಾಹನ ಮಾರುವವರಿಗೆ ಹೇಳಬೇಕಾದ ಹಿತವಚನ ಚಿಕ್ಕದು. ಖಾಲಿ ನಮೂನೆಗೆ ಸಹಿ ಹಾಕಬಾರದು. ಕೊಂಡವನ ಹೆಸರು, ವಿಳಾಸ, ದಿನಾಂಕಗಳನ್ನು ತುಂಬಿದ ಮೇಲೆಯೇ ಲೇಖನಿ ತೆರೆಯಬೇಕು. ಮಾರಾಟದ ರಸೀದಿ, ಕೊಂಡವನ ಗುರುತಿನ ಚೀಟಿಯ ನಕಲು, ಸಾರಿಗೆ ಕಚೇರಿಯ ಸ್ವೀಕೃತಿ ಇವನ್ನು ಮನೆಯ ಕಾಗದಪತ್ರಗಳೊಡನೆ ಜೋಪಾನವಾಗಿಡಬೇಕು. ಅಷ್ಟಕ್ಕೇ ತೃಪ್ತರಾಗದೆ, ತಿಂಗಳೆರಡು ತಿಂಗಳಲ್ಲಿ ಕೇಂದ್ರ ಸರ್ಕಾರದ ‘ಪರಿವಾಹನ್’ ಜಾಲತಾಣದಲ್ಲಿ ಹೆಸರು ಬದಲಾಗಿದೆಯೇ ಎಂದು ನೋಡಿಕೊಳ್ಳಬೇಕು.

ಶಿಷ್ಯನಲ್ಲಿ ನಂಬಿಕೆಯಿಟ್ಟದ್ದು ಮೇಷ್ಟ್ರ ತಪ್ಪಲ್ಲ. ಆ ತರುಣನೂ ಮೋಸಗಾರನಲ್ಲ. ನಾಳೆ ಮಾಡಿದರಾಯಿತೆಂದು ಮುಂದೂಡುವ ಸಾಮಾನ್ಯ ಮನುಷ್ಯ. ಮಾರಿದ ವಾರವೇ ಗುರುಶಿಷ್ಯರಿಬ್ಬರೂ ಜೊತೆಯಾಗಿ ಸಾರಿಗೆ ಕಚೇರಿಯ ಕೆಲಸ ಮುಗಿಸಿದ್ದರೆ ಆಗುತ್ತಿದ್ದ ವೆಚ್ಚ 350 ರೂಪಾಯಿ, ಜೊತೆಗೆ ಒಂದು ಬೆಳಗಿನ ಹೊತ್ತು. ಅದನ್ನು ಉಳಿಸಹೋದುದಕ್ಕೆ ಈಗ ಪಿಂಚಣಿಯ ಹಣ ವಕೀಲರ ಮನೆಗೆ ಹೋಗುತ್ತಿದೆ. ಬೀಗದ ಕೈ ಕೊಟ್ಟ ದಿನ ವಾಹನ ಮನೆ ಬಿಟ್ಟಿತು. ಹೊಣೆ ಮನೆ ಬಿಡುವುದು ಹೆಸರು ಬದಲಾದ ದಿನ.