ಬಾಣಂತಿಯ ಕಳವಳ

ಬಾಣಂತಿಯ ಎಣ್ಣೆನೀರು, ಬಿಸಿಯಡಿಗೆ, ಮೆಣಸಿನ ಸಾರು, ಇವೆಲ್ಲಕ್ಕೂ ನಮ್ಮ ಹಿರಿಯರು ಕ್ರಮವನ್ನು ವಿಧಿಸಿಟ್ಟಿದ್ದಾರೆ. ಆಕೆಯ ಮನಸ್ಸಿನ ಕ್ಷೇಮವನ್ನು ವಿಚಾರಿಸುವವರು ಯಾರು? ನಿದ್ರಿಸುವ ಕೂಸು ಉಸಿರಾಡುತ್ತಿದೆಯೋ ಇಲ್ಲವೋ ಎಂದು ಇರುಳೆಲ್ಲಾ ಎದ್ದೆದ್ದು ನೋಡುವ ತಾಯಿಗೆ, ‘ಲೋಕದಲ್ಲಿ ನೀನೊಬ್ಬಳೇ ಹೆತ್ತವಳೋ?’ ಎಂಬ ಮಾತೇ ಮದ್ದೆಂದು ನಾವು ಭಾವಿಸಿದ್ದೇವೆ.

ಇದು ಆಕೆಯ ದೌರ್ಬಲ್ಯವಲ್ಲ, ಗಾಳಿಸೋಂಕೂ ಅಲ್ಲ. ಹಿಂದಿನ ಮನೋವ್ಯಾಧಿ, ಕಷ್ಟದ ಹೆರಿಗೆ, ದಿನ ತುಂಬದೆ ಹುಟ್ಟಿದ ಶಿಶು, ನಿದ್ರಾಭಂಗ ಮುಂತಾದುವು ಇದಕ್ಕೆ ಇಂಬುಕೊಡುತ್ತವೆ. ಥೈರಾಯ್ಡ್ ಗ್ರಂಥಿಯ ವಿಕಾರದಿಂದಲೂ ಎದೆ ಡವಗುಟ್ಟುವುದುಂಟು. ಆದರೆ ಕೆಲವು ಕಾರಣಗಳನ್ನು ಮನೆಯವರೇ ಒದಗಿಸುತ್ತಾರೆ. ಕಳವಳಕ್ಕೆ ಖಿನ್ನತೆಯು ಒಡಹುಟ್ಟು. ಗೋವೆಯಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪರಿಶೋಧನೆಯೊಂದರಲ್ಲಿ, ಬಾಣಂತಿಯರ ಖಿನ್ನತೆಗೂ ಬಡತನ, ದಾಂಪತ್ಯದ ವಿರಸ, ಕಡೆಗೆ ಶಿಶುವು ಹೆಣ್ಣೆಂಬುದಕ್ಕೂ ಸಂಬಂಧವಿರುವುದು ಕಂಡುಬಂದಿತು. ಹೆಣ್ಣು ಹುಟ್ಟಿತೆಂದು ಮುಖ ಸಿಂಡರಿಸುವ ಗೃಹಸ್ಥರು ಇದನ್ನರಿತು ಲಜ್ಜಿತರಾಗಬೇಕು.

ಉಪಾಯವು ದುಸ್ಸಾಧ್ಯವಲ್ಲ. ಎಡಿನ್‌ಬರೋದಲ್ಲಿ ಸಿದ್ಧವಾಗಿ 1987ರಲ್ಲಿ ಪ್ರಕಟವಾದ ಪ್ರಶ್ನಾವಳಿಯಲ್ಲಿರುವುದು ಹತ್ತೇ ಪ್ರಶ್ನೆಗಳು. ಅವುಗಳಲ್ಲಿ ಮೂರು ಕಳವಳಕ್ಕೇ ಸಂಬಂಧಿಸಿದುವು. ಆಸ್ಪತ್ರೆಯಲ್ಲಿ ಹೆತ್ತು ಬಂದವಳ ಮನೆಗೆ ಆಶಾ ಕಾರ್ಯಕರ್ತೆಯು 42ನೆಯ ದಿನದೊಳಗೆ ಆರು ಸಲ ಹೋಗತಕ್ಕದ್ದೆಂಬ ನಿಯಮವಿದೆ. ಕೂಸಿನ ತೂಕವನ್ನು ನೋಡುವಾಗಲೇ ತಾಯಿಯನ್ನು ಏಕಾಂತದಲ್ಲಿ ಕೂರಿಸಿಕೊಂಡು ಈ ಪ್ರಶ್ನೆಗಳನ್ನೂ ಕೇಳುವಂತೆ ಅಧಿಕಾರಿಗಳು ಏರ್ಪಡಿಸಲಿ. ಎರಡು ವಾರ ಕಳೆದರೂ ಕಳವಳವಡಗದಿದ್ದರೆ ವೈದ್ಯರಲ್ಲಿಗೆ ಹೋಗುವುದು ನಾಚಿಕೆಯ ಸಂಗತಿಯಲ್ಲ. 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಧರ್ಮಾರ್ಥವಾಗಿ ಸಲಹೆಯೂ ದೊರೆಯುತ್ತದೆ.

ಗಂಡನಾದವನು ಇರುಳಿನಲ್ಲಿ ಒಂದು ಜಾವ ಕೂಸನ್ನೆತ್ತಿಕೊಂಡು ಹೆಂಡತಿಯನ್ನು ಮಲಗಗೊಡಲಿ. ತೊಟ್ಟಿಲು ತೂಗುವುದರಿಂದ ಪುರುಷತ್ವಕ್ಕೆ ಯಾವ ಕುಂದೂ ಬಾರದು.